ಇಬ್ಬರು ಕಂಡ ಕರು

"ಉಸಿರು ಬಿಡಬೇಡ," ಎಂದ ಆಸ್ಲಾಟ್.

ಬಿಡಲಿಲ್ಲ. ಬೈನಾಕ್ಯುಲರಿನ ಗಾಜಿನ ಮೇಲೆ ಒಂದು ಸೊಳ್ಳೆ ಕೂತು ಅರ್ಧ ಬೆಟ್ಟವನ್ನು ಮರೆಮಾಡಿತ್ತು. ಊದಿದರೆ ಗಾಜು ಮಬ್ಬಾಗುತ್ತದೆ, ಮಬ್ಬಾದರೆ ಕರು ಕಣ್ತಪ್ಪುತ್ತದೆ. ಸೊಳ್ಳೆ ತಾನಾಗಿ ನಡೆದು ಅಂಚಿಗೆ ಹೋಗುವವರೆಗೆ ಕಾದೆ.

"ಅರವತ್ತೊಂದು ಎದ್ದಿತು," ಎಂದೆ.

"ಎದ್ದಿದ್ದು ನಂಗೂ ಕಾಣ್ತಿದೆ. ಯಾರ ಹಿಂದೆ ಹೋಗುತ್ತೆ ಅದನ್ನ ಹೇಳು."

ಕೆಳಗೆ ದೊಡ್ಡಿಯ ತುಂಬ ಹಿಮಸಾರಂಗಗಳು ನಿಧಾನವಾಗಿ ಒಂದೇ ದಿಕ್ಕಿಗೆ ಸುತ್ತುತ್ತಿದ್ದವು, ಯಾರೋ ದೊಡ್ಡ ಪಾತ್ರೆಯಲ್ಲಿ ಸೌಟು ಆಡಿಸುತ್ತಿರುವಂತೆ. ಕರುಗಳ ಕೊರಳಲ್ಲಿ ನಾವೇ ಬೆಳಗ್ಗೆ ಕಟ್ಟಿದ ಹಳದಿ ಬಿಲ್ಲೆಗಳು, ಒಂದೊಂದರ ಮೇಲೆ ಒಂದೊಂದು ಸಂಖ್ಯೆ. ತಾಯಂದಿರ ಕಿವಿಯಲ್ಲಿ ಒಡೆಯರ ಗುರುತು, ಚಾಕುವಿನಿಂದ ಕೊಯ್ದದ್ದು. ಯಾವ ಸಂಖ್ಯೆ ಯಾವ ತಾಯಿಯ ಮೊಲೆಗೆ ಹೋಯಿತೆಂದು ಬಂಡೆಯ ಮೇಲೆ ಬೋರಲು ಮಲಗಿ ನೋಡಿ ಹೇಳುವುದು ನಮ್ಮ ಪಾಳಿಯ ಕೆಲಸ. ತಾಯಿಯ ಗುರುತೇ ಆಮೇಲೆ ಕರುವಿನ ಕಿವಿಗೂ ಬೀಳುತ್ತದೆ.

ಅರವತ್ತೊಂದು ಒಂದು ಬೂದು ತಾಯಿಯನ್ನು ಮೂಸಿತು. ಆ ಬೂದಿಯೂ ಅದನ್ನು ಮೂಸಿ, ಎರಡು ಹೆಜ್ಜೆ ಹಿಂಬಾಲಿಸಿ ನಿಂತಿತು. ಕರು ನಿಲ್ಲಲಿಲ್ಲ. ಬೇಲಿಯ ಬದಿಗೆ, ಒಂದು ಕೊಂಬು ಮುರಿದ, ಕೆನ್ನೆ ಬೆಳ್ಳಗಾದ ಮುದಿ ತಾಯಿಯೊಂದು ಗೊರಗೊರ ಕರೆಯಿತು. ಕರು ಓಡಿತು. ಹೊಟ್ಟೆಯಡಿ ತಲೆ ತೂರಿಸಿ ಒಮ್ಮೆ ಗುದ್ದಿತು, ಬಾಲ ಅಲ್ಲಾಡಿಸಿತು.

ಆ ಮುದಿ ತಾಯಿಯ ಕಿವಿಯಲ್ಲಿ ನನ್ನ ಅಜ್ಜಿಯ ಗುರುತಿತ್ತು.

ಕುಡಿದು ಮುಗಿಸಿ ಎರಡೂ ಬೇಲಿಗುಂಟ ನಡೆದವು. "ಹೋಗ್ತಿವೆ," ಎಂದೆ ನಮ್ಮ ಭಾಷೆಯಲ್ಲಿ.

"ಎಷ್ಟು?"

"ತಾಯಿ, ಮಗಳು. ಎರಡು."

"ನೀನು ಹೇಳಿದ್ದು ಕೇಳಿದ್ರೆ ಇಡೀ ಮಂದೆ ಕಡಲಿಗೆ ಇಳೀತಿದೆ ಅನ್ಸುತ್ತೆ. ಎರಡಕ್ಕೆ ಹೇಳು."

ನಮ್ಮಲ್ಲಿ ಒಬ್ಬರು ಹೋದರೆ ಒಂದು ಮಾತು, ಬಹಳ ಜನ ಹೋದರೆ ಒಂದು ಮಾತು. ಇವೆರಡರ ನಡುವೆ, ಇಬ್ಬರೇ ಹೋದರೆ ಅದಕ್ಕೆ ಬೇರೆಯೇ ಮಾತು. ಕ್ರಿಯಾಪದದ ಬಾಲವೇ ಬೇರೆ. ಆ ನಡುವಿನ ಬಾಲ ನನ್ನ ಬಾಯಿಗೆ ಹತ್ತುತ್ತಿರಲಿಲ್ಲ.

"ಹೇಳು ರಾವ್ನಾ."

ಹೇಳಿದೆ. ತಪ್ಪಾಯಿತು. ಅವನು ಮುಖವನ್ನು ಬಂಡೆಯ ಪಾಚಿಗೆ ಒತ್ತಿ ನಕ್ಕ. ನಗುವಾಗ ಅವನ ಭುಜ ನನ್ನ ಭುಜಕ್ಕೆ ತಾಗಿತು, ತಾಗಿದ್ದು ಅಲ್ಲೇ ಉಳಿಯಿತು. ನಕ್ಕು ಮುಗಿದಿತ್ತು, ಭುಜ ಮಾತ್ರ ಹಿಂದೆ ಸರಿಯಲಿಲ್ಲ.

"ನೋಡಿದ್ಯಲ್ಲ?" ಎಂದೆ. "ನೀನೂ ನೋಡಿದೆ ತಾನೇ?"

"ನೋಡಿದೆ. ಹಾಲು ಕುಡಿದದ್ದು, ಬಾಲ ಅಲ್ಲಾಡಿಸಿದ್ದು, ನಿನ್ನ ಕಣ್ಣಲ್ಲಿ ನೀರು ಬಂದಿದ್ದು, ಎಲ್ಲಾ ನೋಡಿದೆ."

ದೊಡ್ಡಿಯಲ್ಲಿ ಒಬ್ಬರ ಕಣ್ಣು ಸಾಕ್ಷಿಯಲ್ಲ, ಇಬ್ಬರದು ಬೇಕು. ಅದಕ್ಕೇ ಕಾವಲಿಗೆ ಯಾವಾಗಲೂ ಜೋಡಿ.

*

ಅಜ್ಜಿ ನನಗೆ ಬಿಟ್ಟುಹೋದದ್ದು ನದಿಯ ಪಕ್ಕದ ಮನೆ, ಎರಡು ಮರದ ಬಟ್ಟಲು, ಒಂದು ಕಿವಿಗುರುತು ಮತ್ತು ಅರ್ಧ ಭಾಷೆ.

ಅರ್ಧ ಎಂದರೆ ನಿಜವಾಗಿಯೂ ಅರ್ಧ. ಅಪ್ಪನನ್ನು ಚಿಕ್ಕಂದಿನಲ್ಲೇ ವಸತಿ ಶಾಲೆಗೆ ಹಾಕಿದ್ದರು. ಅಲ್ಲಿಂದ ಬರುವಾಗ ಅವನು ನಾರ್ವೇಜಿಯನ್ ಭಾಷೆ ತಂದ, ನಮ್ಮದನ್ನು ಅಲ್ಲೇ ಬಿಟ್ಟುಬಂದ. ನಾನು ಹುಟ್ಟಿ ಬೆಳೆದದ್ದು ಆಲ್ಟಾ ಪೇಟೆಯಲ್ಲಿ. ಬೇಸಿಗೆ ರಜೆಗೆ ಅಜ್ಜಿಯ ಮನೆ. ಅಜ್ಜ ತೀರಿ ಹೋಗಿದ್ದ. ಅಜ್ಜಿ ನನಗೆ ಹೇಳುತ್ತಿದ್ದುದು ಬಾ, ತಿನ್ನು, ಕೂರು, ಮಲಗು. ತನ್ನ ಬಗ್ಗೆ ಹೇಳುತ್ತಿದ್ದುದು ಬರ್ತೀನಿ, ಕಾಣೆ, ಒಲ್ಲೆ. ನಾನು ಕಲಿತದ್ದು ಅಷ್ಟೇ, 'ನಾನು' ಮತ್ತು 'ನೀನು'. ಇಬ್ಬರು ಒಟ್ಟಿಗೆ ಏನಾದರೂ ಮಾಡುವ ಮಾತು ಆ ಮನೆಯಲ್ಲಿ ನನ್ನ ಕಿವಿಗೆ ಬೀಳಲೇ ಇಲ್ಲ. ಅಲ್ಲಿ ಇಬ್ಬರಾಗಿ ಇದ್ದವರು ಯಾರೂ ಇರಲಿಲ್ಲ.

ಅಜ್ಜಿ ಸತ್ತ ಮೇಲೆ ಆ ಮನೆಗೇ ಬಂದು, ಊರಿನ ಶಿಶುವಿಹಾರದಲ್ಲಿ ಕೆಲಸಕ್ಕೆ ಸೇರಿದೆ. ಬೇಸಿಗೆಗೆ ಊಲಜ್ಜನ ಗುಂಪಿನ ಜೊತೆ ಕಡಲ ಕಡೆಯ ಬೆಟ್ಟಕ್ಕೆ. ಊಲಜ್ಜ ಆಸ್ಲಾಟ್‌ನ ತಾಯಿಯ ಅಣ್ಣ, ದೊಡ್ಡಿಯಲ್ಲಿ ಅವನ ಮಾತೇ ಕೊನೆಯದು. ಅಜ್ಜಿಯ ಸಾರಂಗಗಳನ್ನು ಇಷ್ಟು ವರ್ಷ ತನ್ನವುಗಳ ಜೊತೆ ಮೇಯಿಸಿದವನು ಅವನೇ. ಈಗ ಅವುಗಳಲ್ಲಿ ಉಳಿದಿದ್ದುದು ಆ ಕೊಂಬು ಮುರಿದ ಮುದಿ ತಾಯಿ ಒಂದೇ.

"ಗುರುತು ಬದುಕೋದು ಕಿವಿಯಲ್ಲಿ," ಎಂದಿದ್ದ ಅವನು, ನಾನು ಬಂದ ದಿನವೇ. "ಆ ಮುದುಕಿ ಹೋದಳೋ, ಅದೂ ಹೋಯ್ತು. ಗುರುತಿಲ್ಲದವರು ದೊಡ್ಡಿಗೆ ಬರಬಾರದು ಅಂತಿಲ್ಲ. ಬರಬಹುದು. ಕಾಫಿ ಕುಡೀಬಹುದು. ನೆಂಟರಾಗಿ."

ಅರವತ್ತೊಂದರ ಬಿಲ್ಲೆಯದು ಹೆಣ್ಣು ಕರು. ಅದರ ಕಿವಿಗೆ ಅಜ್ಜಿಯ ಗುರುತು ಬಿದ್ದರೆ ನಾನು ಆ ಊರಿನವಳು. ಇಲ್ಲದಿದ್ದರೆ ಪೇಟೆಯವಳು, ಅಂದರೆ ಮೊದಲಿನಿಂದಲೂ ಎಲ್ಲರೂ ಕರೆಯುತ್ತಿದ್ದ ಹೆಸರಿನವಳು.

*

ಡೇರೆಯಲ್ಲಿ ಹೊಗೆ ಮೇಲಕ್ಕೆ ಹೋಗದೆ ಕಣ್ಣಿಗೇ ಬರುತ್ತಿತ್ತು. ಆಸ್ಲಾಟ್ ಒಣಮಾಂಸವನ್ನು ಚಾಕುವಿನಿಂದ ತೆಳ್ಳಗೆ ಸೀಳಿ, ಪ್ರತಿ ಸೀಳಿಗೂ ಒಂದು ಕ್ರಿಯಾಪದದ ಬೆಲೆ ಕಟ್ಟಿದ್ದ.

"ಕಾಯು. ನಾನು?"

ಹೇಳಿದೆ. ಒಂದು ಚೂರು ಸಿಕ್ಕಿತು.

"ನೀನು?"

ಹೇಳಿದೆ. ಇನ್ನೊಂದು.

"ನಾವು, ಇಡೀ ಗುಂಪು?"

ಅದೂ ಬಂತು. ಶಿಶುವಿಹಾರದಲ್ಲಿ ಮಕ್ಕಳು ಯಾವಾಗಲೂ ಗುಂಪೇ.

"ನಾವಿಬ್ಬರು?"

ಬಾಯಿ ತೆರೆದೆ. ಅವನು ಮಾಂಸದ ಚೂರನ್ನು ಚಾಕುವಿನ ತುದಿಯಲ್ಲಿ ನನ್ನ ತುಟಿಯ ಹತ್ತಿರ ಹಿಡಿದು ಕಾಯುತ್ತಿದ್ದ. ಬೆಂಕಿಯ ಬೆಳಕಿನಲ್ಲಿ ಅವನ ಒಂದು ಕಣ್ಣು ಕಂದು, ನೆರಳಿನಲ್ಲಿದ್ದ ಇನ್ನೊಂದು ಕಪ್ಪು. ಹುಬ್ಬಿನಲ್ಲಿ ಹಗ್ಗ ಕೊಯ್ದ ಹಳೆಯ ಗೆರೆ. ಅಷ್ಟು ಹತ್ತಿರದಿಂದ ಯಾರನ್ನಾದರೂ ನೋಡಿದರೆ ಇದ್ದ ಭಾಷೆಯೂ ಮರೆತುಹೋಗುತ್ತದೆ.

"ಗೊತ್ತಿಲ್ಲ," ಎಂದೆ.

ಅವನು ಚೂರನ್ನು ತಾನೇ ತಿಂದ. "ಪಾಪ. ಮೂಳೆ ನೆಕ್ಕು."

"ನೀನೇ ಹೇಳಿಕೊಡಬಹುದಲ್ಲ."

"ಹೇಳಿಕೊಟ್ರೆ ಬರಲ್ಲ ಅದು. ಅಂಥದ್ದು ಬರಬೇಕಾದ್ರೆ..." ಎಂದು ನಿಲ್ಲಿಸಿ, ಚಾಕುವನ್ನು ಪ್ಯಾಂಟಿಗೆ ಒರೆಸಿ, ಒರೆಸಿದ್ದನ್ನೇ ಮತ್ತೆ ಒರೆಸಿದ. ಅವನ ಕಿವಿ ಕೆಂಪಾಗಿದ್ದನ್ನು ನೋಡಿ ನನಗೆ ಧೈರ್ಯ ಬಂತು.

"ಬರಬೇಕಾದ್ರೆ?"

"ಏನಿಲ್ಲ. ಕಾಫಿ ಕುಡಿ."

ಡೇರೆಯ ಬಾಗಿಲಿನ ಬಟ್ಟೆ ಎತ್ತಿ ಊಲಜ್ಜ ತಲೆ ಹಾಕಿದ. ಅವನು ಬೇಕೆಂದೇ ಕೆಮ್ಮಲಿಲ್ಲ ಎಂದು ನನಗೆ ಗೊತ್ತು. "ನೀವಿಬ್ಬರೂ ಉಂಡಿರಾ?"

"ನಾನು ಉಂಡೆ," ಎಂದೆ.

"ನಿನ್ನೊಬ್ಬಳನ್ನ ಯಾರು ಕೇಳಿದ್ರು?"

ಆ ಬೇಸಿಗೆ ಅವನು ಶುರುಮಾಡಿದ ಆಟ ಅದು, ಆಮೇಲೆ ಇಡೀ ಬಿಡಾರಕ್ಕೆ ಹತ್ತಿತು. ನಾನು ಒಬ್ಬಳೇ ನೀರಿಗೆ ಹೊರಟರೂ "ನೀವಿಬ್ಬರೂ ನೀರಿಗೆ ಹೋಗ್ತಿದೀರಾ?" ಒಬ್ಬಳೇ ಸೀನಿದರೂ "ನಿಮ್ಮಿಬ್ಬರಿಗೂ ಶೀತವಾ?" ನಮ್ಮ ಹಿರಿಯರಿಗೆ ಹುಡುಗ ಹುಡುಗಿಯನ್ನು ಜೋಡಿಸಲು ಕೈಯೇ ಬೇಕಿಲ್ಲ, ಕ್ರಿಯಾಪದದ ಬಾಲವೇ ಸಾಕು. ಅದರಲ್ಲಿ ಇಬ್ಬರನ್ನೂ ಕಟ್ಟಿ ಹಾಕಿ ಬಿಡುತ್ತಾರೆ. ಸಿಟ್ಟು ಬಂದಂತೆ ಮಾಡಿ ತಿರುಗುತ್ತಿದ್ದೆ. ತಿರುಗಿದ ಮೇಲೆ ಆ ಬಾಲವನ್ನು ಬಾಯೊಳಗೆ ಚಪ್ಪರಿಸುತ್ತಿದ್ದೆ.

ಊಲಜ್ಜ ಹೋದ ಮೇಲೆ ಆಸ್ಲಾಟ್ ಹೇಳಿದ, "'ಇಲ್ಲ' ಅನ್ನೋದು ಮಾತ್ರ ನಿಂಗೆ ಚೆನ್ನಾಗಿ ಬರುತ್ತೆ. ಅದಕ್ಕೂ ಒಬ್ಬರು ಇಬ್ಬರು ಅಂತಿದೆ, ಗೊತ್ತಾ? ಬೇಡ ಅಂದ್ರೆ ಯಾರಿಗೆ ಬೇಡ ಅನ್ನೋದು ಅದರೊಳಗೇ ಇರುತ್ತೆ."

"ಗೊತ್ತು. ಅಜ್ಜಿ ಕಲಿಸಿದ್ದೇ ಅದು. ಅಜ್ಜಿ 'ಒಲ್ಲೆ' ಅಂದ್ರೆ ಪಾದ್ರಿಯೂ ಎದ್ದು ಹೋಗ್ತಿದ್ದ."

"ಆ 'ಒಲ್ಲೆ' ನನ್ನ ಹತ್ರ ತರಬೇಡ," ಎಂದ.

ನಗುತ್ತಲೇ ಎಂದ. ಆದರೂ ಅದರಲ್ಲಿ ಕೇಳಿಕೊಂಡಂಥದ್ದೇನೋ ಇತ್ತು. ಹೊರಗೆ ಮುಳುಗದ ಸೂರ್ಯ ಡೇರೆಯ ಬಟ್ಟೆಯನ್ನು ಏಪ್ರಿಕಾಟ್ ಬಣ್ಣಕ್ಕೆ ತಿರುಗಿಸಿದ್ದ. ಅವನು ನನ್ನ ಬೈನಾಕ್ಯುಲರ್ ಎತ್ತಿಕೊಂಡು, ಬೆಂಕಿಯ ಆಚೆಯಿಂದ ನನ್ನ ಕಡೆಗೇ ಹಿಡಿದು ತಿರುಗಣಿ ತಿರುಗಿಸಿದ.

"ಏನು ಕಾಣುತ್ತೆ?"

"ಏನೂ ಇಲ್ಲ. ತುಂಬಾ ಹತ್ತಿರ ಇದೀಯ."

*

ಯೂಹಾನ್ ಕುಣಿಕೆ ಬೀಸಿ ಅರವತ್ತೊಂದನ್ನು ಹಿಡಿದು, ಮಂಡಿಯ ಕೆಳಗೆ ಒತ್ತಿಕೊಂಡು, ತನ್ನ ಚಾಕು ತೆಗೆದ. ಆಸ್ಲಾಟ್‌ನ ಅಣ್ಣ ಅವನು. ತಂದೆ ತೀರಿದ ಮೇಲೆ ಮಂದೆಯೆಲ್ಲ ಅವನ ಹೆಸರಿನಲ್ಲಿತ್ತು. ಆಸ್ಲಾಟ್ ಮೇಯಿಸುತ್ತಿದ್ದುದು, ಓಡಿಸುತ್ತಿದ್ದುದು, ಚಳಿಗಾಲವೆಲ್ಲ ಕಾಯುತ್ತಿದ್ದುದು ಅಣ್ಣನ ಸಾರಂಗಗಳನ್ನು. ಮುಂದಿನ ವರ್ಷ ಅವನಿಗೂ ಪಾಲು ಕೊಡುವ ಮಾತಿತ್ತು. ಹಿಂದಿನ ವರ್ಷವೂ ಇತ್ತು.

"ಅದು ನನ್ನದು," ಎಂದೆ.

ಯೂಹಾನ್ ತಲೆಯೆತ್ತಿದ. "ಯಾರು ಹೇಳಿದ್ದು?"

"ಮುದಿ ತಾಯಿಯ ಕರು ಅದು."

"ನನ್ನ ಬೂದಿಯ ಕರು. ಎರಡು ದಿನದಿಂದ ಅದರ ಹಿಂದೇ ಇದೆ."

"ಬೂದಿಯೇ ಇದರ ಹಿಂದೆ ತಿರುಗ್ತಿದೆ. ಅದರ ಕರು ಸತ್ತಿರಬೇಕು. ಹಾಲು ಕುಡಿದದ್ದು ಮುದಿ ತಾಯಿಯದು."

"ಪೇಟೆಯವರು ಹಾಲು ನೋಡೋದು ಡಬ್ಬಿಯಲ್ಲಿ," ಎಂದ ಯೂಹಾನ್. ಸುತ್ತ ನಿಂತವರು ನಕ್ಕರು. ಅವನು ಕೆಟ್ಟವನೇನಲ್ಲ. ಆ ಬೂದಿ ಎರಡು ದಿನ ಕರುವಿನ ಹಿಂದೆ ಅಲೆದದ್ದನ್ನು ಅವನೂ ಕಣ್ಣಾರೆ ನೋಡಿದ್ದ. ತನ್ನದೇ ಎಂದು ನಿಜವಾಗಿಯೂ ನಂಬಿದ್ದ.

ಊಲಜ್ಜ ಬಂದ. ಕೈಯೆತ್ತಿದ. ನಗು ನಿಂತಿತು.

"ಯಾರು ನೋಡಿದ್ದು?"

ದೊಡ್ಡಿಯೊಳಗೆ ಧೂಳು, ಗೊರಸಿನ ಕಟಕಟ, ಕರುವಿನ ಬಾಯಿಂದ ಬರುತ್ತಿದ್ದ ಒಣ ಸದ್ದು. ಆಸ್ಲಾಟ್ ಬೇಲಿಯ ಮೇಲೆ ಕೂತಿದ್ದ, ಕೈಯಲ್ಲಿ ಹಗ್ಗ ಸುತ್ತುತ್ತ. ನಾನು ಅವನ ಕಡೆ ನೋಡಲಿಲ್ಲ. ನೋಡಬೇಕಾದ ಅಗತ್ಯವೇ ಕಾಣಲಿಲ್ಲ.

ಬಾಯಿ ತೆರೆದೆ, ಮಾತು ತಾನಾಗಿ ಬಂತು. "ನಾವಿಬ್ಬರೂ ನೋಡಿದೆವು." ನಮ್ಮ ಭಾಷೆಯಲ್ಲಿ ಅದು ಪುಟ್ಟ ಮಾತು. ನಡುವಿನ ಬಾಲ, ಅಷ್ಟು ದಿನ ನಾಲಿಗೆಗೆ ಸಿಗದ ಬಾಲ, ಒಂದಿಷ್ಟೂ ಎಡವದೆ ತನ್ನ ಜಾಗದಲ್ಲಿ ಬಂದು ಕೂತಿತು. ಊಲಜ್ಜನ ಹುಬ್ಬು ಮೇಲೆ ಹೋಯಿತು. ಯಾರೋ ಹೆಂಗಸು "ಅಬ್ಬಾ, ಬಂತಲ್ಲ ಬಾಯಿಗೆ" ಎಂದಳು. ಆ ಒಂದು ಗಳಿಗೆ ನಾನು ಆ ಊರಿನವಳಾಗಿದ್ದೆ.

"ಇನ್ನೊಬ್ಬ ಯಾರು?" ಎಂದ ಊಲಜ್ಜ, ಗೊತ್ತಿದ್ದೂ.

ಎಲ್ಲರೂ ಬೇಲಿಯ ಕಡೆ ತಿರುಗಿದರು.

ಆಸ್ಲಾಟ್ ಹಗ್ಗ ಸುತ್ತುವುದನ್ನು ನಿಲ್ಲಿಸಿದ. ಅಣ್ಣನನ್ನು ನೋಡಿದ. ಯೂಹಾನ್ ಚಾಕು ಹಿಡಿದು ಕಾಯುತ್ತಿದ್ದ, ಅಷ್ಟೇ. ಆಸ್ಲಾಟ್ ಆಮೇಲೆ ನನ್ನನ್ನು ನೋಡಿದ. ಡೇರೆಯಲ್ಲಿ ನೋಡಿದ ಹಾಗೇ ನೋಡಿದ. ಕಿವಿ ಕೆಂಪಾಯಿತು.

"ನಾ ಕಾಣೆ," ಎಂದ. "ನಾನು ಕರು ನೋಡ್ತಿರಲಿಲ್ಲ. ಇವಳನ್ನ ನೋಡ್ತಿದ್ದೆ."

ಒಂದು ಕ್ಷಣ ಯಾರಿಗೂ ಅರ್ಥವಾಗಲಿಲ್ಲ. ಆಮೇಲೆ ದೊಡ್ಡಿಗೆ ದೊಡ್ಡಿಯೇ ನಕ್ಕಿತು. ಹೆಂಗಸರು ಚಪ್ಪಾಳೆ ತಟ್ಟಿದರು. ಯಾರೋ ಅವನ ಬೆನ್ನಿಗೆ ಗುದ್ದಿದರು, ಅವನು ಬೇಲಿಯಿಂದ ಬೀಳುವಂತಾದ. ಯೂಹಾನ್ ಕೂಡ ನಕ್ಕ, ಈ ತಮ್ಮನಿಗೆ ಇಷ್ಟು ಮಾತು ಎಲ್ಲಿಂದ ಬಂತೆಂಬ ಹೆಮ್ಮೆಯಿಂದ.

ಅಂಥ ಮಾತನ್ನು ಒಬ್ಬ ಗಂಡಸು ಎಲ್ಲರೆದುರು ಹೇಳುವುದನ್ನು ನಾನು ಎಷ್ಟು ಸಲ ಕನಸು ಕಂಡಿದ್ದೆನೋ. ಹೇಳಿದ. ನನ್ನ ಮುಖಕ್ಕೆ ಬಿಸಿ ಏರಿತು, ಎಲ್ಲರೂ ಅದನ್ನು ನಾಚಿಕೆ ಎಂದುಕೊಂಡರು.

"ಅವನು ನೋಡಿದ್ದಾನೆ," ಎಂದೆ. ಗದ್ದಲದಲ್ಲಿ ಅದು ಊಲಜ್ಜನಿಗೆ ಮಾತ್ರ ಕೇಳಿಸಿತು.

ಅವನು ನನ್ನ ಹತ್ತಿರ ಬಗ್ಗಿ ಮೆಲ್ಲಗೆ ಹೇಳಿದ. ಕುಹಕವಿರಲಿಲ್ಲ, ಮಗುವಿಗೆ ಅಕ್ಷರ ತಿದ್ದಿದಂತೆಯೇ ಇತ್ತು. "ಹಾಗಿದ್ರೆ 'ನೋಡಿದೆ' ಅನ್ನು ಮಗಳೇ, ಒಬ್ಬಳದ್ದು. 'ನೋಡಿದೆವು' ಅಂದ್ರೆ ಹಿಂದೆ ಇಬ್ಬರು ನಿಂತಿರಬೇಕು."

ಆಮೇಲೆ ಯೂಹಾನ್‌ಗೆ ತಲೆಯಾಡಿಸಿದ.

ಚಾಕು ಕಿವಿಗೆ ಇಳಿದಾಗ ಸದ್ದಾಗುವುದಿಲ್ಲ. ಕರು ಒಮ್ಮೆ ತಲೆ ಕೊಡವಿತು, ಅಷ್ಟೇ. ಕೊಯ್ದ ಚೂರನ್ನು ಯೂಹಾನ್ ಲೆಕ್ಕಕ್ಕೆಂದು ಚರ್ಮದ ಬಾರಿಗೆ ಪೋಣಿಸಿಕೊಂಡ. ಕರು ಎದ್ದು, ಬಿಲ್ಲೆಯಿಲ್ಲದ ಕೊರಳಿನಲ್ಲಿ, ನೆಟ್ಟಗೆ ಮುದಿ ತಾಯಿಯ ಹೊಟ್ಟೆಯಡಿಗೆ ಓಡಿತು. ಆಗ ಅದನ್ನು ಯಾರೂ ನೋಡುತ್ತಿರಲಿಲ್ಲ. ಎಲ್ಲರೂ ನಮ್ಮಿಬ್ಬರನ್ನು ನೋಡುತ್ತಿದ್ದರು.

*

ಅವನು ತೊರೆಯ ಹತ್ತಿರ ಬಂದ. ನಾನು ಕೈಯ ರಕ್ತ ತೊಳೆಯುತ್ತಿದ್ದೆ, ಬೇರೆಯವರ ಕರುಗಳದು.

"ಸಿಟ್ಟಾ?"

ನಾನು ಉಗುರಿನ ಸಂದು ಉಜ್ಜಿದೆ.

"ಎಲ್ಲರೆದುರು ಹೇಳಿಬಿಟ್ಟೆ ನೋಡು. ಇಷ್ಟು ದಿನ ನಿನ್ನ ಹತ್ರ ಹೇಳೋಕೂ ಬಾಯಿ ಬರ್ತಿರಲಿಲ್ಲ."

"ನೀನು ಕರು ನೋಡಿದೆ."

"ನೋಡಿದೆ." ಕಲ್ಲೊಂದನ್ನು ಎತ್ತಿ ನೀರಿಗೆ ಹಾಕಿದ. "ಯೂಹಾನ್ ಎದುರು ಹ್ಯಾಗೆ ಹೇಳಲಿ? ಎಲ್ಲರೆದುರು ಅವನ ಕೈಯಿಂದ ಕರು ಕಿತ್ಕೊಂಡ್ರೆ ನಂಗೆ ಪಾಲು ಕೊಡ್ತಾನಾ? ಪಾಲಿಲ್ಲದೆ ನಿನ್ನನ್ನ ಎಲ್ಲಿಗೆ ಕರ್ಕೊಂಡ್ ಹೋಗ್ಲಿ, ಡೇರೆಗಾ?"

"ನಿಂಗೆ ಪಾಲು ಬೇಕು. ನಂಗೂ ಅದೇ ಬೇಕಿತ್ತು."

"ಒಂದು ಕರು ರಾವ್ನಾ. ನಾಳೆ ನಾವಿಬ್ಬರೂ ಒಂದಾದ ಮೇಲೆ ಯಾರ ಗುರುತಾದರೇನು? ನಿಂದು ನಂದು ಅಂತ ಇರುತ್ತಾ?"

ಅವನು ಅದನ್ನು ಮನಸ್ಸಿನಿಂದಲೇ ಹೇಳಿದ. ಅದೇ ಕಷ್ಟವಾದದ್ದು. ಸುಳ್ಳುಗಾರನಾಗಿದ್ದರೆ ನೀರಿಗೆ ತಳ್ಳಿ ಎದ್ದು ಹೋಗುತ್ತಿದ್ದೆ. ಅವನು ಪ್ರೀತಿಯನ್ನು ಕಂಬಳಿಯ ಹಾಗೆ ಎತ್ತಿ ತಂದು ಕರುವಿನ ಮೇಲೆ ಹೊದಿಸಿದ್ದ, ಈಗ ಕಂಬಳಿ ಎಷ್ಟು ಬೆಚ್ಚಗಿದೆ ನೋಡು ಎನ್ನುತ್ತಿದ್ದ.

"ಗುರುತು ನನ್ನದಲ್ಲ," ಎಂದೆ. "ಅಜ್ಜಿಯದು."

"ಅಜ್ಜಿ ಸತ್ತು ಹೋದಳಲ್ಲ."

ನೀರು ತಣ್ಣಗಿತ್ತು. ಕೈ ಮರಗಟ್ಟುವವರೆಗೆ ತೊಳೆದೆ.

ಮರುದಿನ ಬಿಡಾರದಲ್ಲಿ ಕೇಳಿದರು, "ನೀವಿಬ್ಬರೂ ಚೆನ್ನಾಗಿ ಮಲಗಿದ್ರಾ?" ಆ ಬಾಲವನ್ನು ಚಪ್ಪರಿಸಲು ಹೋದೆ. ಬಾಯಲ್ಲಿ ರಕ್ತದ ರುಚಿಯಿತ್ತು. ಮಧ್ಯಾಹ್ನದ ಬಸ್ಸಿಗೆ ಊರಿಗೆ ಬಂದೆ.

ಹಿಮ ಬೀಳುವ ಮೊದಲೇ ಮುದಿ ತಾಯಿ ಜವುಗಿನಲ್ಲಿ ಸಿಕ್ಕಿ ಸತ್ತಿತು. ಊಲಜ್ಜ ಅದರ ಕಿವಿಗಳನ್ನು ಕತ್ತರಿಸಿ, ಉಪ್ಪು ಹಚ್ಚಿ, ಚೀಲದಲ್ಲಿ ಹಾಕಿ ಕಳಿಸಿಕೊಟ್ಟ. ಹಾಗೆ ಕಳಿಸುವುದು ಮರ್ಯಾದೆ. ಸ್ಟೋವಿನ ಮೇಲಿನ ಮೊಳೆಗೆ ನೇತುಹಾಕಿದೆ.

*

ಚಳಿಗಾಲದ ಕತ್ತಲು ಮುಗಿದು ಸೂರ್ಯ ಮತ್ತೆ ಕಾಣಿಸಿಕೊಂಡ ವಾರ ಅವರು ಬಂದರು. ಹಿಮದ ಸ್ಕೂಟರ್ ಮನೆಯನ್ನು ಒಂದು ಸುತ್ತು ಹಾಕಿದ್ದನ್ನು ಕಿಟಕಿಯಿಂದ ನೋಡಿದಾಗಲೇ ವಿಷಯ ತಿಳಿಯಿತು. ಸುಮ್ಮನೆ ಬರುವವರು ಮನೆ ಸುತ್ತುವುದಿಲ್ಲ. ಮುಂದೆ ಆಸ್ಲಾಟ್, ಹಿಂದೆ ಊಲಜ್ಜ. ಇಬ್ಬರೂ ಹಬ್ಬದ ನೀಲಿ ನಿಲುವಂಗಿಯಲ್ಲಿ, ಎದೆಯ ಮೇಲೆ ಬೆಳ್ಳಿ.

ಒಳಗೆ ಬಂದು ಆಸ್ಲಾಟ್ ನನ್ನ ಕೆಟಲ್ ತೆಗೆದುಕೊಂಡ, ನೀರು ತುಂಬಿದ, ಸ್ಟೋವಿನ ಮೇಲಿಟ್ಟ. ಸೊಂಟದ ಚರ್ಮದ ಚೀಲದಿಂದ ತನ್ನ ಮನೆಯ ಕಾಫಿಪುಡಿ ತೆಗೆದ. ನಮ್ಮ ಕಡೆ ಹೆಣ್ಣು ಕೇಳಲು ಬಂದವನು ಹೆಣ್ಣಿನ ಮನೆಯ ಒಲೆಯಲ್ಲಿ ತಾನೇ ಕಾಫಿ ಮಾಡುತ್ತಾನೆ. ಮನೆಯವರು ಕುಡಿದರೆ ಒಪ್ಪಿದಂತೆ. ಈ ಮನೆಯಲ್ಲಿ ಮನೆಯವರು ಎಂದರೆ ನಾನೊಬ್ಬಳೇ.

ಊಲಜ್ಜ ಬೆಂಚಿನ ಮೇಲೆ ಕೂತು, ಗೋಡೆಯನ್ನೂ, ಮೊಳೆಯ ಮೇಲಿನ ಕಿವಿಗಳನ್ನೂ, ನಮ್ಮಿಬ್ಬರನ್ನೂ ನೋಡಿ, "ಸೌದೆ ಕಮ್ಮಿ ಇದೆ," ಎಂದು ಎದ್ದ. ಸೌದೆ ಬುಟ್ಟಿ ತುಂಬಿತ್ತು. ಬಾಗಿಲು ಹಾಕಿಕೊಂಡು ಹೊರಗೆ ಹೋದ.

"ಚೆನ್ನಾಗಿದೀಯಾ?" ಎಂದ ಆಸ್ಲಾಟ್.

"ಇದೀನಿ."

"ತೆಳ್ಳಗಾಗಿದೀಯ."

"ನೀನು ಅಂಗಿ ಹೊಸದು ಹೊಲಿಸಿದೀಯ."

"ಅಮ್ಮ ಹೊಲಿದಳು. ನಿಂಗೂ ಅಂಚುಪಟ್ಟಿ ಹೆಣೆದಿದಾಳೆ, ಕೆಂಪು." ಅವನು ಸ್ಟೋವಿನ ಕಡೆ ತಿರುಗಿ ನಿಂತಿದ್ದ, ಕುತ್ತಿಗೆ ಮಾತ್ರ ಕಾಣುತ್ತಿತ್ತು. ಹೊಸದಾಗಿ ಕತ್ತರಿಸಿದ ಕೂದಲ ಕೆಳಗೆ ಆ ಕುತ್ತಿಗೆ ಎಷ್ಟು ಚಿಕ್ಕ ಹುಡುಗನದಾಗಿ ಕಂಡಿತೆಂದರೆ ಕೈ ಇಡಬೇಕೆನಿಸಿತು. ಚಳಿಗಾಲವಿಡೀ, ಸೂರ್ಯನಿಲ್ಲದ ಅಷ್ಟೂ ದಿನ, ಇದೇ ಕುತ್ತಿಗೆಗೆ ಕಾದಿದ್ದೆ. ಅದನ್ನು ಇಲ್ಲ ಎನ್ನಲಾರೆ.

"ಪಾಲು ಸಿಕ್ತು," ಎಂದ. "ಯೂಹಾನ್ ಹೊಸ ವರ್ಷಕ್ಕೆ ಬರೆದುಕೊಟ್ಟ. ಅದರಲ್ಲಿ ಅರವತ್ತೊಂದೂ ಇದೆ. ನಾನೇ ಕೇಳಿ ತಗೊಂಡೆ. ಅದರ ಮೊದಲ ಹೆಣ್ಣು ಕರುವಿಗೆ ನಿನ್ನ ಅಜ್ಜಿಯ ಗುರುತು. ಮದುವೆಯ ಉಡುಗೊರೆ, ನನ್ನ ಕಡೆಯಿಂದ. ಆಯ್ತಾ?"

"ಉಡುಗೊರೆ."

"ಹ್ಞೂ. ಇನ್ನೇನು?"

"ನಂದನ್ನೇ ನಂಗೆ."

ಅವನು ತಿರುಗಿದ. "ನಿಂದೇ ಅಂತ ನಂಗೊತ್ತಲ್ಲ. ಇಬ್ಬರಿಗೂ ಗೊತ್ತು. ನಾವಿಬ್ಬರೂ ನೋಡಿದೆವು." ಅವನ ಬಾಯಲ್ಲಿ ಆ ಬಾಲ ಎಷ್ಟು ಸುಲಭವಾಗಿ ಬರುತ್ತದೆ. ಹುಟ್ಟಿದಾಗಿನಿಂದ ಸುತ್ತಲೂ ಇಬ್ಬಿಬ್ಬರಿದ್ದ ಮನೆಯವನು.

"ಅದನ್ನ ಊಲಜ್ಜನ ಎದುರು ಹೇಳು," ಎಂದೆ. "ಯೂಹಾನ್ ಬೇಡ, ದೊಡ್ಡಿ ಬೇಡ. ಈ ಮುದುಕ ಒಬ್ಬನ ಎದುರು. ಈಗ ಒಳಗೆ ಬರ್ತಾನೆ. ಅಷ್ಟು ಹೇಳು, ನಾನು ಕೆಟಲ್ ಖಾಲಿಯಾಗೋವರೆಗೆ ಕುಡೀತೀನಿ."

"ಈಗ ಹೇಳಿ ಏನು ಬಂತು? ಮುಗಿದುಹೋದದ್ದು."

"ನಾನು ಸುಳ್ಳು ಹೇಳಿದೆ ಅಂತ ಅಲ್ಲಿ ಎಲ್ಲರೂ ಅಂದ್ಕೊಂಡಿದಾರೆ."

"ಯಾರೂ ಹಾಗಂದ್ಕೊಂಡಿಲ್ಲ. ಪೇಟೆಯವಳು, ಕಣ್ತಪ್ಪಿರಬೇಕು ಅಂತಾರೆ, ಅಷ್ಟೇ."

ಕೆಟಲ್ ಕುದಿಯತೊಡಗಿತು. ಅವನು ಪುಡಿ ಹಾಕಿ, ಉಕ್ಕಿ ಬಂದದ್ದನ್ನು ಇಳಿಸಿ, ಮತ್ತೆ ಇಟ್ಟ. ಹೊರಗೆ ಮೆಟ್ಟಿಲ ಮೇಲೆ ಊಲಜ್ಜ ಬೂಟಿನ ಹಿಮ ಕೊಡವುವ ಸದ್ದು. ಈ ಸಲ ಕೆಮ್ಮಿಕೊಂಡೇ ಬಂದ, ತೋಳಿನ ತುಂಬ ಸೌದೆ.

"ಏನು, ನೀವಿಬ್ಬರೂ ಮಾತು ಮುಗಿಸಿದ್ರಾ?"

ನಾನು ಆಸ್ಲಾಟ್‌ನನ್ನು ನೋಡಿದೆ. ಈ ಸಲ ನೋಡಿದೆ. ದೊಡ್ಡಿಯಲ್ಲಿ ನೋಡದೆ ಬಿಟ್ಟಿದ್ದನ್ನೂ ಸೇರಿಸಿ ನೋಡಿದೆ.

ಅವನ ಬಾಯಿ ತೆರೆಯಿತು. ಹೇಳುತ್ತಾನೆ ಎಂದುಕೊಂಡೆ. ಎಷ್ಟು ಬೇಗ ಎದೆ ಹಗುರಾಯಿತೆಂದರೆ, ಬಟ್ಟಲುಗಳಿಗೆ ಕೈ ಚಾಚಿದ್ದೆ.

"ಏನಿಲ್ಲ ಮಾವ," ಎಂದ. ಕಿವಿ ಕೆಂಪಾಯಿತು, ನಗು ಬಂತು. "ಅವತ್ತು ನಾನು ಎಲ್ಲಿ ನೋಡ್ತಿದ್ದೆ ಅಂತ ಮತ್ತೆ ಕೇಳ್ತಿದಾಳೆ. ಇನ್ನೆಲ್ಲಿ ನೋಡ್ಲಿ ಹೇಳು, ಇವಳಿರುವಾಗ."

ಊಲಜ್ಜ ಹೊಟ್ಟೆ ಹಿಡಿದು ನಕ್ಕ. ಸೌದೆ ಒಂದೆರಡು ಕೆಳಗೆ ಬಿದ್ದವು. "ಸಾಯೋವರೆಗೆ ಇದನ್ನೇ ಹೇಳಿ ಹೇಳಿ ಬದುಕ್ತಾನೆ ಇವನು."

"ಬದುಕ್ತಾನೆ," ಎಂದೆ.

ಆಸ್ಲಾಟ್ ಅಜ್ಜಿಯ ಎರಡು ಮರದ ಬಟ್ಟಲುಗಳಿಗೆ ಕಾಫಿ ಸುರಿದ. ಒಂದು ನನ್ನ ಮುಂದೆ, ಒಂದು ತನ್ನ ಮುಂದೆ. ಮೇಲೆ, ನಮ್ಮ ಕಡೆಯ ರೂಢಿಯಂತೆ, ತೆಳ್ಳಗೆ ಕೊಯ್ದ ಗಿಣ್ಣು. ಊಲಜ್ಜನಿಗೆ ಗಾಜಿನ ಲೋಟ. ಒಳ್ಳೆಯ ಕಾಫಿ ಅದು, ವಾಸನೆಯಿಂದಲೇ ತಿಳಿಯುತ್ತಿತ್ತು. ಕಿಟಕಿಯ ಹೊರಗೆ ಸೂರ್ಯ ಬೆಟ್ಟದ ಅಂಚಿನ ಮೇಲೆ ಒಂದು ಬೆರಳಗಲ ಎದ್ದು ನಿಂತು, ಮತ್ತೆ ಹೋಗುವ ಸಿದ್ಧತೆಯಲ್ಲಿದ್ದ.

ನಮ್ಮಲ್ಲಿ ಕಾಫಿಯನ್ನು ಯಾರೂ ಬೇಡ ಅನ್ನುವುದಿಲ್ಲ. ಹಗೆಯವನ ಮನೆಯಲ್ಲೂ ಕುಡಿಯುತ್ತಾರೆ. ಕುಡಿದು ಆಮೇಲೆ ಜಗಳವಾಡುತ್ತಾರೆ.

ಊಲಜ್ಜ ನನ್ನ ಬಟ್ಟಲನ್ನು ನನ್ನ ಕಡೆಗೆ ಒಂದಿಷ್ಟು ತಳ್ಳಿದ. "ಇಬ್ಬರೂ ಕುಡೀರಿ. ಆರಿಹೋಗುತ್ತೆ."

"ಒಲ್ಲೆ," ಎಂದೆ.